ಲಕ್ಷ್ಮಿಯ ಒತ್ತು ಬಿಡಿಸಿದ ಲೆನ್ಸ್: 6ಎಕ್ಸ್ ಬೀಮ್ ಎಕ್ಸ್‌ಪ್ಯಾಂಡರ್, ಎಂಟು ತಿಂಗಳ ಬಳಕೆಯ ನಂತರ

"ಅಕ್ಕಾ, ಇದು ಲಕ್ಷ್ಮೀನಾ, ಇಲ್ಲ ಇರುವೆ ಗೂಡಾ?"

ಭರಣಿಯ ಮುಚ್ಚಳವನ್ನು ನನ್ನ ಮೂಗಿನ ಹತ್ತಿರ ಹಿಡಿದು ಗಿರಾಕಿ ಕೇಳಿದರು. ಜರ್ಮನ್ ಸಿಲ್ವರ್ ಕುಂಕುಮ ಭರಣಿ, ಒಟ್ಟು ಇನ್ನೂರು. ಮಗಳ ಸೀಮಂತಕ್ಕೆ ಬಂದವರಿಗೆ ಕೊಡುವುದಕ್ಕೆ. ಮುಚ್ಚಳದ ಮೇಲೆ ಒಂದೂವರೆ ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ 'ಶ್ರೀ ಲಕ್ಷ್ಮೀ ಪ್ರಸನ್ನ' ಎಂದು ಹಾಕಿದ್ದೆ. 'ಲ' ಚೆನ್ನಾಗಿತ್ತು. 'ಪ್ರಸನ್ನ' ಕೂಡ ಹೇಗೋ ಓದಬಹುದಿತ್ತು. 'ಕ್ಷ್ಮೀ' ಮಾತ್ರ ಮಸಿ ಚೆಲ್ಲಿದ ಹಾಗೆ. ಕ, ಅದರ ಕೆಳಗೆ ಷ, ಅದರ ಪಕ್ಕ ಮ, ಕೊನೆಗೊಂದು ದೀರ್ಘ. ಇಷ್ಟೂ ಅಕ್ಕಿ ಕಾಳಿಗಿಂತ ಚಿಕ್ಕ ಜಾಗದಲ್ಲಿ ಕೂರಬೇಕು. ಇಂಗ್ಲಿಷ್ ಅಕ್ಷರ ಹಾಕುವವರಿಗೆ ಈ ಕಷ್ಟ ಅರ್ಥವಾಗುವುದಿಲ್ಲ ಬಿಡಿ.

ನನ್ನದು ಪೀಣ್ಯ ಎರಡನೇ ಹಂತದಲ್ಲಿ ಒಂದು ಪುಟ್ಟ ಶೆಡ್. ಲೇಸರ್ ಮಾರ್ಕಿಂಗ್ ಜಾಬ್‌ವರ್ಕ್. ಹಗಲು ಬೇರಿಂಗ್ ನಂಬರು, ವಾಲ್ವ್ ಟ್ಯಾಗು. ಸಂಜೆ ಮೇಲೆ ಪಾತ್ರೆ ಕೆಲಸ. ಅಪ್ಪ ಚಿಕ್ಕಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಮೂವತ್ತು ವರ್ಷ ಕರೆಂಟ್ ಪೆನ್ನಿನಲ್ಲಿ ಹೆಸರು ಬರೆದವರು. 'ಗೃಹಪ್ರವೇಶದ ಜ್ಞಾಪಕಾರ್ಥ' ಎಂದು ಅವರು ಬರೆದ ಕೊಳಗಗಳು ಈಗಲೂ ಯಾರ್ಯಾರದೋ ಅಟ್ಟದ ಮೇಲಿರಬೇಕು. ಅವರ ಕೈ ನನಗೆ ಬರಲಿಲ್ಲ. ಅದಕ್ಕೇ ಲೇಸರ್.

ನನ್ನ ಮೆಷಿನ್ ಹಳೆಯದು. ಮುಚ್ಚಿಹೋದ ಒಂದು ಕಾರ್ಖಾನೆಯಿಂದ 2019ರಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಡಯೋಡ್ ಪಂಪ್ ಮಾಡುವ ಮಾದರಿ, 10 ವ್ಯಾಟ್, ತರಂಗಾಂತರ 1064 ನ್ಯಾನೊಮೀಟರ್. ಈಗ ಬೀದಿಯವರೆಲ್ಲ ಫೈಬರ್ ಲೇಸರ್ ಇಟ್ಟುಕೊಂಡಿದ್ದಾರೆ. ಅವುಗಳ ಕಿರಣ ಸಾಮಾನ್ಯವಾಗಿ ಹೊರಗೆ ಬರುವಾಗಲೇ 7 ಮಿಲಿಮೀಟರ್ ಆಸುಪಾಸು ದಪ್ಪ ಇರುತ್ತದೆ. ಕಿರಣವನ್ನು ಅತ್ತಿತ್ತ ತಿರುಗಿಸಿ ಅಕ್ಷರ ಬರೆಸುವ 10 ಮಿಲಿಮೀಟರಿನ ಗ್ಯಾಲ್ವೊ ಕನ್ನಡಿಗೆ ಅದು ಸಾಕು. ನಿಮ್ಮದೂ ಅಂಥದ್ದೇ ಆದರೆ ಈ ಬೀಮ್ ಎಕ್ಸ್‌ಪ್ಯಾಂಡರಿಗೆ, ಅಂದರೆ ಕಿರಣ ದಪ್ಪ ಮಾಡುವ ಲೆನ್ಸ್ ಕೊಳವೆಗೆ, ದುಡ್ಡು ಹಾಕಬೇಡಿ. ಓದುವುದಕ್ಕೇನೂ ಅಡ್ಡಿಯಿಲ್ಲ.

ನನ್ನ ಮೆಷಿನ್ನಿನ ಕಿರಣ ಬಾಯಿಯ ಹತ್ತಿರ 1.2 ಮಿಲಿಮೀಟರ್. ಕಡ್ಡಿಯಷ್ಟು ತೆಳು. ಹಾಗಾದರೆ ಗೆರೆಯೂ ತೆಳುವಾಗಿ ಬರಬೇಕಲ್ವಾ ಎಂದುಕೊಂಡಿದ್ದೆ. ಉಲ್ಟಾ.

ಇದನ್ನು ಬಿಡಿಸಿ ಹೇಳಿದವರು ನಮ್ಮ ಚಿಕ್ಕಪ್ಪ. ಐಐಎಸ್‌ಸಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದವರು. ಭಾನುವಾರ ಲಗ್ಗೆರೆ ಮನೆಗೆ ಊಟಕ್ಕೆ ಬಂದಾಗ ಭರಣಿ ತೋರಿಸಿದೆ. ಅವರು ಡೆಲಿವರಿ ಚಲನ್ ಹಿಂದೆ ಲೆಕ್ಕ ಬರೆದರು. ಲೇಸರಿನ ತರಂಗಾಂತರ, ಕೊನೆಯಲ್ಲಿ ಕಿರಣವನ್ನು ಚುಕ್ಕಿಯಾಗಿ ಕೂಡಿಸುವ ಎಫ್-ಥೀಟಾ ಲೆನ್ಸಿನ ಫೋಕಲ್ ದೂರ, ಕಿರಣ ಎಷ್ಟು ಅಚ್ಚುಕಟ್ಟು ಎಂದು ಹೇಳುವ ಎಂ-ಸ್ಕ್ವೇರ್, ಇವನ್ನು ಗುಣಿಸಿ, ಮತ್ತೆ 4ರಿಂದ ಗುಣಿಸಬೇಕು. ಬಂದದ್ದನ್ನು ಪೈ ಮತ್ತು ಲೆನ್ಸಿಗೆ ಹೋಗುವ ಕಿರಣದ ದಪ್ಪದಿಂದ ಭಾಗಿಸಬೇಕು. ಅದೇ ಚುಕ್ಕಿಯ ಅಗಲ. "ನೋಡು ಪುಟ್ಟಿ, ದಪ್ಪ ಕೆಳಗಡೆ ಇದೆ. ಕಿರಣ ಎಷ್ಟು ದಪ್ಪ ಮಾಡ್ತೀಯೋ ಚುಕ್ಕಿ ಅಷ್ಟು ಸಣ್ಣ" ಎಂದರು.

ತೆಳು ಕಿರಣಕ್ಕೆ ಇನ್ನೊಂದು ಚಟ. ಬೇಗ ಹರಡಿಕೊಳ್ಳುತ್ತದೆ. ನನ್ನ 1.2 ಮಿಲಿಮೀಟರ್ ಕಿರಣ ಶೆಡ್ಡಿನ ಆ ಕಡೆ, ಅಂದರೆ 3 ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ನಾಲ್ಕೂವರೆ ಮಿಲಿಮೀಟರ್ ಆಗಿರುತ್ತದೆ. ಆರು ಪಟ್ಟು ದಪ್ಪ ಮಾಡಿ ನೇರ ಮಾಡಿದರೆ ಹರಡುವುದು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಕೆಲಸ ಮಾಡುವ ಕೊಳವೆಯೇ ಬೀಮ್ ಎಕ್ಸ್‌ಪ್ಯಾಂಡರ್. "ಉಲ್ಟಾ ಹಿಡಿದ ದುರ್ಬೀನು ಅಷ್ಟೇ" ಎಂದರು ಚಿಕ್ಕಪ್ಪ. ಚಿಕ್ಕ ಲೆನ್ಸಿನ ಕಡೆಯಿಂದ ಒಳಗೆ, ದೊಡ್ಡ ಲೆನ್ಸಿನ ಕಡೆಯಿಂದ ಹೊರಗೆ. ದೊಡ್ಡ ಲೆನ್ಸಿನ ಫೋಕಲ್ ದೂರವನ್ನು ಚಿಕ್ಕ ಲೆನ್ಸಿನದರಿಂದ ಭಾಗಿಸಿದರೆ ಎಷ್ಟು ಎಕ್ಸ್, ಅಂದರೆ ಎಷ್ಟು ಪಟ್ಟು, ಎಂದು ಸಿಗುತ್ತದೆ.

ನನ್ನ ಮೆಷಿನ್ನಿನಲ್ಲಿ ಮೊದಲೇ ಒಂದು 4ಎಕ್ಸ್ ಇತ್ತು. ಬಿಚ್ಚಿ ನೋಡಿದರೆ ಮುಂದಿನ ಗಾಜಿನ ಲೇಪ ಸುಟ್ಟು ಮಧ್ಯೆ ಕಂದು ಕಲೆ. ರಿಂಗ್ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಭೂತಗನ್ನಡಿ ಇಟ್ಟು ಅಳೆದರೆ ಗೆರೆ 0.1 ಮಿಲಿಮೀಟರ್ ದಪ್ಪ. ಲಕ್ಷ್ಮಿಯ ಒತ್ತು ಮುಚ್ಚಿಹೋಗದೆ ಇನ್ನೇನು!

ಈಗ ನನ್ನ ಮೊದಲ ತಪ್ಪು ಹೇಳಿಬಿಡುತ್ತೇನೆ. ದಪ್ಪ ಆದಷ್ಟೂ ಒಳ್ಳೆಯದು ಎಂದು ಕೇಳಿದ್ದೇ ತಡ, ಚಿಕ್ಕಪ್ಪನನ್ನು ಮತ್ತೆ ಕೇಳದೆ ಆನ್‌ಲೈನಿನಲ್ಲಿ 6,800 ರೂಪಾಯಿಗೆ ಒಂದು 8ಎಕ್ಸ್ ತರಿಸಿದೆ. ಥ್ರೆಡ್ ಕೂಡಲಿಲ್ಲ. ಪಕ್ಕದ ಲೇತ್‌ನವರ ಹತ್ತಿರ 400 ರೂಪಾಯಿ ಕೊಟ್ಟು ಒಂದು ಬುಷ್ ಮಾಡಿಸಿ ಕೂರಿಸಿದೆ. ಗೆರೆ ತೆಳುವಾಯಿತು ನಿಜ. ಆದರೆ ಸುಡುವುದೇ ಇಲ್ಲ! ಸ್ಟೀಲಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಹಾಗೆ ಮಂಕು. ಕರೆಂಟ್ ಜಾಸ್ತಿ ಮಾಡಿದೆ. ಅರ್ಧ ಗಂಟೆಗೆ ಗ್ಯಾಲ್ವೊ ಹೆಡ್ಡಿನ ಬಾಯಿ ಮುಟ್ಟಿದರೆ ಬಿಸಿ.

1.2ನ್ನು 8ರಿಂದ ಗುಣಿಸಿ. 9.6. ನನ್ನ ಗ್ಯಾಲ್ವೊದ ಬಾಯಿ 10. ಹಾಗಾದರೆ ಹಿಡಿಸುತ್ತದಲ್ಲ ಎಂದು ನಾನು. ಆದರೆ ಲೇಸರ್ ಕಿರಣಕ್ಕೆ ಪೈಪಿನ ಹಾಗೆ ಗಟ್ಟಿ ಅಂಚು ಇರುವುದಿಲ್ಲ. ಮಧ್ಯೆ ಜೋರು, ಅಂಚಿಗೆ ಬರುತ್ತಾ ಬರುತ್ತಾ ಕಡಿಮೆ. ಹೇಳುವ 'ದಪ್ಪ'ದ ಆಚೆಗೂ ಬೆಳಕು ಇರುತ್ತದೆ. ಲೆಕ್ಕ ಹಾಕಿದರೆ 9.6ರ ಕಿರಣ 10ರ ಬಾಯಿಯಲ್ಲಿ ಹೋಗುವಾಗ ಶೇಕಡ 11ರಷ್ಟು ಬೆಳಕು ಅಂಚಿಗೆ ಬಡಿದು ಹಾಳು. ಅದೂ ಕಿರಣ ಸರಿಯಾಗಿ ನಡುವೆ ಕೂತಿದ್ದರೆ. ನನ್ನದು ಕೂತಿರಲಿಲ್ಲ. ಆ ಕೊಳವೆಯ ರಿಂಗ್ ತಿರುಗಿಸಿದರೆ ಒಳಗಿನ ಲೆನ್ಸ್ ಅಲ್ಲಾಡುತ್ತಿತ್ತು. ಚುಕ್ಕಿ ಒಂದು ಕಡೆ ನಿಲ್ಲದೆ ಗೋಡೆಯ ಮೇಲೆ ಸುತ್ತು ಹೊಡೆಯುತ್ತಿತ್ತು. ಲಾಕ್ ಸ್ಕ್ರೂ ಕೂಡ ಇರಲಿಲ್ಲ. ಅಗ್ಗದ ಮಾಲಿನ ತಪ್ಪು ಅರ್ಧ, ನನ್ನ ಆತುರದ್ದು ಅರ್ಧ.

6ಎಕ್ಸ್ ಆದರೆ 7.2 ಮಿಲಿಮೀಟರ್. ಅಂಚಿಗೆ ಹೋಗುವುದು ಶೇಕಡ 2 ಮಾತ್ರ. 160 ಮಿಲಿಮೀಟರ್ ಫೋಕಲ್ ದೂರದ ಲೆನ್ಸಿನ ಕೆಳಗೆ ಚುಕ್ಕಿ ಲೆಕ್ಕದಲ್ಲಿ 39 ಮೈಕ್ರಾನ್, ಅಂದರೆ 0.039 ಮಿಲಿಮೀಟರ್. ಹಳೆಯ 4ಎಕ್ಸ್ ಹೊಸದಾಗಿದ್ದಾಗಲೂ 59ರ ಕೆಳಗೆ ಇಳಿಯುತ್ತಿರಲಿಲ್ಲ. ಆಮೇಲೆ ತೆಗೆದುಕೊಂಡದ್ದೇ ಈ 6ಎಕ್ಸ್. ಪೀಣ್ಯದ ಒಬ್ಬ ಡೀಲರ್ ಹತ್ತಿರ 21,500, ಜಿಎಸ್‌ಟಿ ಸೇರಿ 25,370 ರೂಪಾಯಿ. ಮೂರು ದಿನ ಎಂದು ಹೇಳಿ ಹನ್ನೊಂದು ದಿನ ಮಾಡಿದರು. ಫೋನ್ ಮಾಡಿದಾಗೆಲ್ಲ "ನಾಳೆ ಮೇಡಂ". ಆದರೆ ಬಂದ ದಿನ ಅವರ ಹುಡುಗ ತಾನೇ ಬಂದು ಥ್ರೆಡ್ ಕೂಡುತ್ತಾ ನೋಡಿ ಹೋದ. ಅಷ್ಟರ ಮಟ್ಟಿಗೆ ಕ್ಷಮಿಸಿದ್ದೇನೆ.

ಕೈಗೆ ತೆಗೆದುಕೊಂಡರೆ ತೂಕ ಇದೆ. ಒಂಬತ್ತು ಸೆಂಟಿಮೀಟರ್ ಉದ್ದ, ಕಪ್ಪು ಆನೊಡೈಸ್ ಮಾಡಿದ ಅಲ್ಯೂಮಿನಿಯಂ. ರಿಂಗ್ ಬೆಣ್ಣೆಯ ಹಾಗೆ ತಿರುಗುತ್ತದೆ, ಸಡಿಲ ಇಲ್ಲ. ಲೆನ್ಸ್ ಫ್ಯೂಸ್ಡ್ ಸಿಲಿಕಾ ಎಂಬ ಗಾಜಿನದು. ಎರಡೂ ಲೆನ್ಸಿನ ಎರಡೂ ಮುಖಕ್ಕೆ 1064ರ ಲೇಪ. ಒಂದೊಂದು ಮುಖದಿಂದ ಶೇಕಡ 0.25ಕ್ಕಿಂತ ಕಡಿಮೆ ಬೆಳಕು ಹಿಂದಿರುಗುತ್ತದೆ ಎಂದು ಜೊತೆಗೆ ಬಂದ ಕಾಗದದಲ್ಲಿತ್ತು. ಲೇಪ ಇಲ್ಲದ ಸಿಲಿಕಾ ಆದರೆ ಒಂದು ಮುಖಕ್ಕೆ ಸುಮಾರು ಮೂರೂವರೆ. ನಾಲ್ಕು ಮುಖ ಸೇರಿ ಹದಿಮೂರರಷ್ಟು ಬೆಳಕು ದಾರಿಯಲ್ಲೇ ಖರ್ಚು. ಹಿಂದಿರುಗಿದ ಬೆಳಕು ಸುಮ್ನೆ ಹೋಗುವುದೂ ಇಲ್ಲ. ಲೇಸರಿನ ಒಳಗಿನ ಯಾವುದೋ ಕನ್ನಡಿಯ ಮೇಲೆ ಒಟ್ಟಾಗಿ ಬಿದ್ದು ಅದನ್ನೂ ಸುಡಬಹುದು. ಇದಕ್ಕೇ ಲೇಪಕ್ಕೆ ದುಡ್ಡು ಕೊಡಬೇಕಾಗುವುದು.

ಮಾದರಿ ಗೆಲಿಲಿಯನ್. ಅಂದರೆ ಒಳಗೆ ಬರುವ ಕಡೆ ತಗ್ಗು ಲೆನ್ಸ್, ಹೊರಗಡೆ ಉಬ್ಬು ಲೆನ್ಸ್. 1609ರಲ್ಲಿ ಗೆಲಿಲಿಯೊ ಆಕಾಶಕ್ಕೆ ಹಿಡಿದ ದುರ್ಬೀನಿನಲ್ಲೂ ಇದೇ ಜೋಡಿ ಇತ್ತು. ಕೆಪ್ಲರ್ 1611ರಲ್ಲಿ ವಿವರಿಸಿದ ಇನ್ನೊಂದು ಬಗೆಯಲ್ಲಿ ಎರಡೂ ಉಬ್ಬು ಲೆನ್ಸ್. ಅದರಲ್ಲಿ ಕಿರಣ ಕೊಳವೆಯ ನಡುವೆ ಒಂದು ಬಿಂದುವಿನಲ್ಲಿ ಕೂಡಿ ಮತ್ತೆ ಹರಡುತ್ತದೆ. ಲ್ಯಾಬಿನಲ್ಲಿ ಅದೇ ಅನುಕೂಲ. ಆ ಬಿಂದುವಿನಲ್ಲಿ ಸೂಜಿ ತೂತು ಇಟ್ಟು ಕಿರಣವನ್ನು ಸೋಸಿ ಚೊಕ್ಕ ಮಾಡುತ್ತಾರಂತೆ. ಜೋರು ಪಲ್ಸ್ ಲೇಸರಿಗೆ ಅದು ಬೇಡ. ಆ ಬಿಂದುವಿನಲ್ಲಿ ಗಾಳಿಯೇ ಕಿಡಿ ಹಾರಬಹುದು. ಗೆಲಿಲಿಯನ್ನಿನಲ್ಲಿ ಒಳಗೆಲ್ಲೂ ಕಿರಣ ಕೂಡುವುದಿಲ್ಲ, ಕೊಳವೆಯೂ ಗಿಡ್ಡ.

ಕೊಳ್ಳುವುದು ಸುಲಭ. ಕೂರಿಸುವುದೇ ಕೆಲಸ.

ಕೊಳವೆಯಿಂದ ಹೊರಬರುವ ಕಿರಣ ಹರಡಲೂ ಬಾರದು, ಕೂಡಲೂ ಬಾರದು. ರಿಂಗ್ ತಿರುಗಿಸಿ ಎರಡು ಲೆನ್ಸಿನ ನಡುವಿನ ದೂರ ಸರಿ ಮಾಡಬೇಕು. ಮೆಷಿನ್ನಿನಲ್ಲಿ ದಾರಿ ತೋರಿಸಲು ಒಂದು ಕೆಂಪು ಲೈಟ್ ಇದೆ, ಅದೂ ಇದೇ ಕೊಳವೆಯಲ್ಲಿ ಹೋಗುತ್ತದೆ. ಕಣ್ಣಿಗೆ ಕಾಣುವುದು ಅದೊಂದೇ. ನಾನು ಅದನ್ನೇ ನೋಡಿಕೊಂಡು ಗೋಡೆಯವರೆಗೂ ಸಮ ಮಾಡಿ, ಖುಷಿಯಾಗಿ ಸ್ಕ್ರೂ ಬಿಗಿ ಮಾಡಿದೆ. ಮಾರ್ಕ್ ಮಾಡಿದರೆ ಗೆರೆ ಮತ್ತೆ ದಪ್ಪ. ಒಂದೇ ಗಾಜು ಕೆಂಪು ಬೆಳಕನ್ನು ಸ್ವಲ್ಪ ಜಾಸ್ತಿ ಬಗ್ಗಿಸುತ್ತದೆ, ಕಣ್ಣಿಗೆ ಕಾಣದ 1064ನ್ನು ಸ್ವಲ್ಪ ಕಡಿಮೆ. ಕೆಂಪಿಗೆ ಸರಿಯಾದರೆ ಇದಕ್ಕೆ ಸರಿಯಾಗಿರುವುದಿಲ್ಲ. ಈ ಮಾತು ಜೊತೆಗೆ ಬಂದ ನಾಲ್ಕು ಸಾಲಿನ ಕಾಗದದಲ್ಲಿ ಇರಲಿಲ್ಲ. ಇರಬೇಕಿತ್ತು.

ಸರಿಯಾದ ದಾರಿ ತೋರಿಸಿದ್ದು ಚಿಕ್ಕಪ್ಪ ಮತ್ತು ಪಕ್ಕದ ದರ್ಶಿನಿಯ ಬಿಲ್ ರೋಲ್. ಆ ಬಿಲ್ ಕಾಗದ ಬಿಸಿಗೆ ಕಪ್ಪಾಗುತ್ತದಲ್ಲ, ಅದು. ಗ್ಯಾಲ್ವೊ ಹೆಡ್ ಬಿಚ್ಚಿ, ಶೆಡ್ಡಿನ ಕೊನೆಯಲ್ಲಿ ಕಪ್ಪು ಅಲ್ಯೂಮಿನಿಯಂ ಬ್ಲಾಕ್ ಇಟ್ಟೆವು. ಪವರ್ ತೀರಾ ಕಡಿಮೆ. ಕೊಳವೆಯ ಬಾಯಿಯ ಹತ್ತಿರ ಕಾಗದ ನಿಲ್ಲಿಸಿ ಒಂದು ಶಾಟ್. 3 ಮೀಟರ್ ದೂರದಲ್ಲಿ ನಿಲ್ಲಿಸಿ ಇನ್ನೊಂದು. ಮೊದಲ ಸಲ ಹತ್ತಿರದ ಕಲೆ 7, ದೂರದ್ದು 11. ರಿಂಗ್ ಒಂದು ಗೆರೆ ಸರಿಸು, ಮತ್ತೆ ಶಾಟ್. ಎಂಟನೇ ಚೀಟಿಗೆ ಎರಡೂ 7 ಆಯಿತು. ಲ್ಯಾಬಿನಲ್ಲಾದರೆ ಶಿಯರ್ ಪ್ಲೇಟ್ ಎಂಬ ಗಾಜು ಇಟ್ಟು, ಅದರಲ್ಲಿ ಕಾಣುವ ಪಟ್ಟೆಗಳು ಗೆರೆಗೆ ಸಮವಾಗಿ ನಿಂತವಾ ಎಂದು ಒಂದೇ ನಿಮಿಷದಲ್ಲಿ ನೋಡುತ್ತಾರೆ. ನಮಗೆ ಒಂದು ಸಂಜೆ ಹಿಡಿಯಿತು, ಖರ್ಚು ಒಂದು ಮೊಳ ಬಿಲ್ ಕಾಗದ.

ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. 1064 ಕಣ್ಣಿಗೆ ಕಾಣುವುದಿಲ್ಲ. ಆದರೆ ಕಣ್ಣಿನ ಒಳಗೆ ಹೋಗಿ ಹಿಂದಿನ ಪರದೆಯ ಮೇಲೆ ಚುಕ್ಕಿಯಾಗಿ ಕೂಡುತ್ತದೆ. ಹೋದ ಕಣ್ಣು ಹೋದ ಹಾಗೇ. ಬಾಗಿಲು ಚಿಲಕ ಹಾಕಿ, ಹುಡುಗನನ್ನು ಟೀಗೆ ಕಳಿಸಿ, ಕೈಗಡಿಯಾರ, ಬಳೆ, ಉಂಗುರ ಬಿಚ್ಚಿಟ್ಟು, ಇಬ್ಬರೂ ಕನ್ನಡಕ ಹಾಕಿಕೊಂಡು ಮಾಡಿದ ಕೆಲಸ ಇದು. ಕನ್ನಡಕದ ಮೇಲೆ 1064 ಎಂದೂ, ಅದಕ್ಕೆ 'ಓಡಿ' (ಆ ಬೆಳಕನ್ನು ಎಷ್ಟು ತಡೆಯುತ್ತದೆ ಎನ್ನುವ ಅಳತೆ) ಎಷ್ಟು ಎಂದೂ ಬರೆದಿರಬೇಕು. ವೆಲ್ಡಿಂಗ್ ಕನ್ನಡಕ, ಬಣ್ಣದ ಪ್ಲಾಸ್ಟಿಕ್ ಕನ್ನಡಕ ಲೆಕ್ಕಕ್ಕಿಲ್ಲ. ಇಂಥ ಕೆಲಸ ಮಾಡಿ ಗೊತ್ತಿರುವವರು ಪಕ್ಕದಲ್ಲಿ ಇಲ್ಲದಿದ್ದರೆ ಡೀಲರನ್ನೇ ಕರೆಸಿ. ಅವರು ಇದಕ್ಕೆ 1,500 ಕೇಳುತ್ತಾರೆ, ಕೊಡಿ.

ಕಾಗದ ಮಡಿಸಿಡುತ್ತಾ ಚಿಕ್ಕಪ್ಪ ಚಂದ್ರನ ಕಥೆ ತೆಗೆದರು. ಚಂದ್ರಯಾನ-3 ಇಳಿದ ದಿನದಿಂದ ಅವರಿಗೆ ಅದೇ ಧ್ಯಾನ. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಪ್ರತಿಫಲಕ ಇಟ್ಟು ಬಂದರಲ್ಲ, ಅದಕ್ಕೆ ಭೂಮಿಯಿಂದ ಲೇಸರ್ ಹೊಡೆಯುವಾಗ ದೊಡ್ಡ ದೂರದರ್ಶಕವನ್ನೇ ಹೀಗೆ ಉಲ್ಟಾ ಬಳಸುತ್ತಾರೆ. ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟಿನಲ್ಲಿ 3.5 ಮೀಟರ್ ಅಗಲದ್ದು. ಅಷ್ಟು ದಪ್ಪ ಮಾಡಿ ಕಳಿಸಿದರೂ ನಮ್ಮ ಗಾಳಿಯ ಅಲುಗಾಟದಿಂದ ಚಂದ್ರನ ಮೇಲೆ ಬೆಳಕು ಸುಮಾರು 2 ಕಿಲೋಮೀಟರ್ ಹರಡಿರುತ್ತದಂತೆ. ನಮ್ಮ ವಿಕ್ರಮ್ ಲ್ಯಾಂಡರ್ ಮೇಲೂ ನಾಸಾದ ಪುಟ್ಟ ಪ್ರತಿಫಲಕ ಇದೆ. ಚಂದ್ರನನ್ನು ಸುತ್ತುವ ನಾಸಾ ನೌಕೆ 2023ರ ಡಿಸೆಂಬರ್ 12ರಂದು ಅದಕ್ಕೆ ಲೇಸರ್ ಹೊಡೆದು ಉತ್ತರ ಪಡೆಯಿತು. "ನೀನು ಮೂರು ಮೀಟರಿಗೆ ಒದ್ದಾಡ್ತಿದ್ದೀಯ" ಎಂದು ನಕ್ಕರು. ನಾನು ಟೀ ಕೊಟ್ಟು ಕಳಿಸಿದೆ.

ಇನ್ನು ಫಲ. ಗೆರೆ ಈಗ 0.04ರಿಂದ 0.05 ಮಿಲಿಮೀಟರ್. 'ಕ್ಷ್ಮೀ'ಯಲ್ಲಿ ಷ ಒತ್ತಿನ ಒಳಗಿನ ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ. 'ಜ್ಞಾ' ಕೂಡ ಬಿಡಿಸಿಕೊಂಡಿತು. ಒಂದು ಮಾತು, ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ನನ್ನ ಮಾರ್ಕಿಂಗ್ ಸಾಫ್ಟ್‌ವೇರಿನಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬರೆದು, ಅಕ್ಷರವನ್ನು ಗೆರೆಯ ಚಿತ್ರ ಮಾಡಿ ತರಬೇಕು. ಅದು ಈ ಕೊಳವೆಯ ತಪ್ಪಲ್ಲ.

ತಪ್ಪಲ್ಲದಿದ್ದರೂ ತೊಂದರೆ ಎನ್ನಬಹುದಾದದ್ದು ಬೇರೆ ಇದೆ. ಚುಕ್ಕಿ ಸಣ್ಣದಾದ ಹಾಗೆ ಫೋಕಸ್ ಹಿಡಿಯುವ ಆಳ ಅದಕ್ಕಿಂತ ಬೇಗ ಕಡಿಮೆಯಾಗುತ್ತದೆ. 59 ಮೈಕ್ರಾನಿನಲ್ಲಿ ಮೇಲೆ ಕೆಳಗೆ ಎರಡೆರಡು ಮಿಲಿಮೀಟರ್ ತಪ್ಪಿದರೂ ನಡೆಯುತ್ತಿತ್ತು. 39ರಲ್ಲಿ ಒಂದು ಮಿಲಿಮೀಟರ್ ಕೂಡ ಇಲ್ಲ. ಚಪ್ಪಟೆ ಮುಚ್ಚಳ, ತಟ್ಟೆ, ಟ್ಯಾಗ್ ಆದರೆ ಯೋಚನೆ ಇಲ್ಲ. ಲೋಟದ ಮೇಲೆ ಎರಡು ಸೆಂಟಿಮೀಟರ್ ಅಗಲದ ಹೆಸರು ಹಾಕಿದೆ ನೋಡಿ, ನಡುವಿನ ಅಕ್ಷರ ಚೂಪು, ಎರಡೂ ತುದಿ ಮಾಸಲು. ಲೋಟದ ಉಬ್ಬಿನಿಂದ ತುದಿಗಳು ಒಂದೂವರೆ ಮಿಲಿಮೀಟರಿನಷ್ಟು ಕೆಳಗೆ ಹೋಗಿರುತ್ತವೆ. ಈಗ ನಾನು ಫೋಕಸನ್ನು ಉಬ್ಬಿನ ನೆತ್ತಿಗೆ ಇಡುವುದಿಲ್ಲ, ನೆತ್ತಿಗೂ ತುದಿಗೂ ಮಧ್ಯೆ ಇಡುತ್ತೇನೆ. ಚೆನ್ನಾಗಿ ಬರುತ್ತದೆ. ಬಿಂದಿಗೆ, ಕೊಳಗಕ್ಕೆ ಉದ್ದ ಹೆಸರು ಬೇಕೆಂದರೆ ಎರಡು ಸಲ ತಿರುಗಿಸಿ ಹಾಕಬೇಕು. ಹೆಚ್ಚಾಗಿ ಅಂಥದ್ದೇ ಕೆಲಸ ಇರುವವರು 6ಎಕ್ಸ್ ಬಿಟ್ಟು ಒಳ್ಳೆಯ 4ಎಕ್ಸ್ ತೆಗೆದುಕೊಳ್ಳುವುದೇ ವಾಸಿ.

ಕೊಳವೆಯ ಮೇಲೆ ನನಗೆ ಇರುವ ಸಿಟ್ಟು ಎರಡು. ಲಾಕ್ ಸ್ಕ್ರೂ ಬಿಗಿ ಮಾಡುವಾಗ ರಿಂಗ್ ಕೂದಲೆಳೆಯಷ್ಟು ಜರುಗುತ್ತದೆ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಕಾಗದ ಇಟ್ಟು ನೋಡಲೇಬೇಕು. ಎರಡನೆಯದು, ಮುಂದಿನ ರಬ್ಬರ್ ಕ್ಯಾಪ್. ಸಡಿಲ, ಎರಡನೇ ವಾರಕ್ಕೇ ಕಳೆಯಿತು. ಪೀಣ್ಯದ ಧೂಳು ಗೊತ್ತಲ್ಲ. ಲೆನ್ಸಿನ ಮೇಲೆ ಕೂತ ಧೂಳು ಅಲ್ಲೇ ಸುಟ್ಟು ಲೇಪವನ್ನೂ ತಿನ್ನುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ಊದಿ, ಆಮೇಲೆ ಲೆನ್ಸ್ ಕಾಗದಕ್ಕೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒಂದೇ ಸಲ ಎಳೆಯಬೇಕು. ಸೆರಗಿನಲ್ಲಿ ಒರೆಸಿದರೆ 25,000ಕ್ಕೆ ಗೀರು ಬಿದ್ದ ಹಾಗೆ.

ಮದುವೆ ಕಾರ್ಡ್ ಕತ್ತರಿಸುವ ಗೆಳತಿಯೊಬ್ಬಳು, ನನ್ನ ಹಳೆಯ 8ಎಕ್ಸ್ ಅವಳ ಸಿಒಟು (ಕಾರ್ಬನ್ ಡೈಆಕ್ಸೈಡ್) ಲೇಸರಿಗೆ ಆಗುತ್ತಾ ಎಂದು ಕೇಳಿದಳು. ಆಗುವುದಿಲ್ಲ. ಅವಳದರ ತರಂಗಾಂತರ 10.6 ಮೈಕ್ರಾನ್, ಗಾಜಿನಲ್ಲಿ ದಾಟುವುದೇ ಇಲ್ಲ, ಗಾಜೇ ಕಾದು ಒಡೆಯುತ್ತದೆ. ಅದಕ್ಕೆ ಜಿಂಕ್ ಸೆಲೆನೈಡ್ ಲೆನ್ಸ್ ಬೇಕು. ಹಸಿರು 532, ಯುವಿ 355ಕ್ಕೂ ಬೇರೆ ಬೇರೆ ಲೇಪ. ಕೊಳ್ಳುವಾಗ ಎಕ್ಸ್ ಎಷ್ಟು ಎನ್ನುವುದಕ್ಕಿಂತ ಮೊದಲು ತರಂಗಾಂತರ ನೋಡಿ.

ಸೀಮಂತದ ಇನ್ನೂರು ಭರಣಿಗೂ ಹೊಸ ಮುಚ್ಚಳ ತರಿಸಿ ಮತ್ತೆ ಹಾಕಿಕೊಟ್ಟೆ, ನನ್ನ ಖರ್ಚಿನಲ್ಲಿ. ಆ ಗಿರಾಕಿ ಆಮೇಲೆ ನಾಮಕರಣದ ಬೆಳ್ಳಿ ಲೋಟಕ್ಕೂ ಬಂದರು. ಉಳಿದ ಒಂದು ಮುಚ್ಚಳ ಅಪ್ಪನಿಗೆ ತೋರಿಸಿದೆ. ಕಣ್ಣಿಗೆ ಸಿಕ್ಕಿಸುವ ಹಳೆಯ ಭೂತಗನ್ನಡಿ ಹುಡುಕಿ ತಂದು, ಕಿಟಕಿ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. "ಗೆರೆ ಚೆನ್ನಾಗಿದೆ" ಎಂದರು. ಮುಚ್ಚಳ ವಾಪಸ್ ಕೊಡುತ್ತಾ, "ಮ ಒತ್ತಿನ ಬಾಲ ಮಾತ್ರ ಸತ್ತ ಹಾಗಿದೆ, ಇನ್ನೊಂಚೂರು ಎಳೀಬೇಕಿತ್ತು" ಎಂದು ಸೇರಿಸಿದರು. ಫಾಂಟ್ ಬದಲಾಯಿಸುವುದು ಇನ್ನೂ ಬಾಕಿ ಇದೆ.